"ಹೋಮ್" ಅಂತ ಕೂಗಿದ್ದು ಯಾರು?

ಸಾಫ್ಟ್‌ಬಾಲ್ ಪಂದ್ಯ. ಬ್ಯಾಟ್ ಮಾಡಿದವಳು ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ದಾಟಿ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ರನ್. ಏಳನೇ ಇನಿಂಗ್ಸ್, ಅಂದರೆ ಕೊನೆಯ ಇನಿಂಗ್ಸ್. ಎದುರು ತಂಡದ ಬ್ಯಾಟಿಂಗ್. ನಾವು 5-3ರಿಂದ ಮುಂದಿದ್ದೆವು. ಒಂದು ಔಟ್ ಆಗಿತ್ತು. ಅವರ ಒಬ್ಬ ರನ್ನರ್ ಫಸ್ಟ್ ಬೇಸ್‌ನಲ್ಲಿ, ಇನ್ನೊಬ್ಬಳು ಥರ್ಡ್‌ನಲ್ಲಿ. ಇನ್ನೆರಡು ಔಟ್ ತೆಗೆದರೆ ಪಂದ್ಯ ನಮ್ಮದು.

ಬಾಲ್ ನೆಲ ಹಿಡಿದು ಶಾರ್ಟ್‌ಸ್ಟಾಪ್ ಕಡೆಗೆ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವವಳ ಕಡೆಗೆ ಬಂತು. ಕಷ್ಟದ ಬಾಲ್ ಏನಲ್ಲ. ಅವಳು ಚೆನ್ನಾಗಿ ಬಗ್ಗಿದಳು, ಗ್ಲೌಸ್‌ಗೆ ತಗೊಂಡಳು, ಎದ್ದು ಹೋಮ್‌ಗೆ ಎಸೆದಳು. ಬಾಲ್ ಹೋಮ್ ಹಿಂದೆ ಕೂರುವ ಕ್ಯಾಚರ್ ಕೈ ಸೇರುವಷ್ಟರಲ್ಲಿ ಥರ್ಡ್‌ನಿಂದ ಹೊರಟವಳು ಪ್ಲೇಟ್ ಮುಟ್ಟಿ ಮಣ್ಣು ಕೊಡವಿಕೊಳ್ಳುತ್ತಿದ್ದಳು. 5-4. ಕ್ಯಾಚರ್‌ಗೆ ಸಿಟ್ಟು ಬಂತೋ ಗಾಬರಿ ಆಯ್ತೋ, ಸೆಕೆಂಡ್ ದಾಟಿ ಓಡುತ್ತಿದ್ದ ಇನ್ನೊಬ್ಬ ರನ್ನರನ್ನು ಹಿಡಿಯಲು ಥರ್ಡ್‌ಗೆ ಬೀಸಿ ಎಸೆದಳು. ಬಾಲ್ ಥರ್ಡ್ ಬೇಸ್ ಹುಡುಗಿಯ ತಲೆ ಮೇಲಿಂದ ಹೋಯಿತು. ಹಿಂದೆ ಯಾರೂ ಇರಲಿಲ್ಲ. 5-5. ಈ ಗದ್ದಲದಲ್ಲಿ ಬ್ಯಾಟ್ ಮಾಡಿದವಳು ಥರ್ಡ್‌ವರೆಗೆ ಬಂದು ನಿಂತಿದ್ದಳು. ಮುಂದಿನ ಹುಡುಗಿ ಬಲಕ್ಕೆ ಒಂದು ಸಾಧಾರಣ ಹೊಡೆತ ಹೊಡೆದಳು. ಪಂದ್ಯ ಮುಗಿಯಿತು.

ಇದು 13 ವರ್ಷದೊಳಗಿನ ಹುಡುಗಿಯರ ತಂಡ. ನಾನು ಅವರ ಕೋಚ್. ಯಾರ ಹೆಸರೂ ಬೇಡ, ಆಡುವ ಜಾಗದಿಂದಲೇ ಒಬ್ಬೊಬ್ಬರನ್ನು ಕರೆಯುತ್ತೇನೆ. ಈ ಒಂದು ಬಾಲ್ ಮತ್ತು ಅದರ ನಂತರದ ಮೂರು ತಿಂಗಳ ಬಗ್ಗೆ ಬರೆಯಬೇಕು ಅನ್ನಿಸಿತು. ಯಾಕೆಂದರೆ ಆ ದಿನ ಯಾರಿಗೂ ಆಟ ಬಾರದೆ ನಾವು ಸೋಲಲಿಲ್ಲ. ಶಾರ್ಟ್‌ಸ್ಟಾಪ್ ಬಾಲ್ ಹಿಡಿದ ರೀತಿ ತೋರಿಸಿ ಬೇರೆ ಮಕ್ಕಳಿಗೆ ಪಾಠ ಹೇಳಬಹುದಿತ್ತು.

ಮೊದಲು ಲೆಕ್ಕ ನೋಡೋಣ. ನಮಗೆ ಎರಡು ರನ್ ಲೀಡ್. ಥರ್ಡ್‌ನಲ್ಲಿ ಇದ್ದವಳು ಬಂದರೆ ಅವರದು 4. ಅದರಿಂದ ಏನೂ ಆಗಲ್ಲ. ಫಸ್ಟ್‌ನಲ್ಲಿ ಇದ್ದವಳು ಬಂದರೆ 5, ಸಮ. ಬ್ಯಾಟ್ ಹಿಡಿದವಳು ಬಂದರೆ 6, ಸೋಲು. ಹಾಗಾದರೆ ನಾವು ಕಾಯಬೇಕಾದದ್ದು ಫಸ್ಟ್‌ನವಳನ್ನು. ಶಾರ್ಟ್‌ಸ್ಟಾಪ್ ನಿಂತಿದ್ದ ಜಾಗದಿಂದ ಸೆಕೆಂಡ್ ಬೇಸ್ ಹೆಚ್ಚೆಂದರೆ 20 ಅಡಿ. ಅಲ್ಲಿ ಫೋರ್ಸ್ ಇತ್ತು. ಬ್ಯಾಟ್ ಮಾಡಿದವಳು ಫಸ್ಟ್‌ಗೆ ಓಡಿದಾಗ ಅಲ್ಲಿದ್ದವಳು ಸೆಕೆಂಡ್‌ಗೆ ಹೋಗಲೇಬೇಕು. ಮೈ ಮುಟ್ಟಬೇಕಿಲ್ಲ, ಬಾಲ್ ಹಿಡಿದು ಬೇಸ್ ತುಳಿದರೆ ಸಾಕು. ಒಂದು ಸಣ್ಣ ಟಾಸ್ ಕೊಟ್ಟಿದ್ದರೆ ಎರಡು ಔಟ್, 5-4, ಫಸ್ಟ್‌ನಲ್ಲಿ ಒಬ್ಬಳೇ ರನ್ನರ್. ಆರಾಮಾಗಿ ಉಸಿರಾಡಬಹುದಿತ್ತು.

ಹೋಮ್‌ನಲ್ಲಿ ಹಾಗಲ್ಲ. ಸೆಕೆಂಡ್ ಬೇಸ್ ಖಾಲಿ ಇದ್ದಿದ್ದರಿಂದ ಥರ್ಡ್‌ನವಳಿಗೆ ಓಡಲೇಬೇಕು ಅನ್ನುವ ಒತ್ತಾಯ ಇರಲಿಲ್ಲ. ಅಂದರೆ ಅವಳನ್ನು ಟ್ಯಾಗ್ ಮಾಡಬೇಕು. ಬಾಲ್ ಹಿಡಿದು, ತಿರುಗಿ, ಮುಟ್ಟಬೇಕು. ದೂರವೂ ಮೂರು ಪಟ್ಟಿಗಿಂತ ಜಾಸ್ತಿ. ಬೇಸ್‌ಗಳ ನಡುವೆ 60 ಅಡಿ. ಬ್ಯಾಟರ್‌ಗೆ ಬಾಲ್ ಎಸೆಯುವ ಪಿಚರ್ ಅದನ್ನು ಕೈಯಿಂದ ಬಿಟ್ಟ ಕ್ಷಣ ರನ್ನರ್ ಬೇಸ್ ಬಿಡಬಹುದು, ಹಾಗಾಗಿ ಬ್ಯಾಟ್‌ಗೆ ಬಾಲ್ ತಾಗುವ ಹೊತ್ತಿಗೆ ಅವಳು ಕೆಲವು ಹೆಜ್ಜೆ ಮುಂದೆ ಇರುತ್ತಾಳೆ. ಇನ್‌ಫೀಲ್ಡ್, ಅಂದರೆ ಬೇಸ್‌ಗಳ ಹತ್ತಿರ ನಿಲ್ಲುವ ಹುಡುಗಿಯರು, ಮುಂದೆ ಬಂದು ನಿಂತಿರದಿದ್ದರೆ ಆ ವಯಸ್ಸಿನ ಕೈಯಿಂದ ಅದು ಆಗುವ ಮಾತೇ ಅಲ್ಲ.

ಪಂದ್ಯ ಮುಗಿದ ಮೇಲೆ ನಾನು ಮಾಡಬಾರದ ಕೆಲಸ ಮಾಡಿದೆ. ಅಲ್ಲೇ, ಎಲ್ಲರ ಎದುರು ಕೇಳಿದೆ: "ಹೋಮ್‌ಗೆ ಯಾಕೆ ಎಸೆದೆ?"

ಅವಳು ಅಳಲಿಲ್ಲ. ನನ್ನ ಮುಖ ನೋಡಿ ಹೇಳಿದಳು: "ಸರ್, ನೀವೇ ಹೋಮ್ ಅಂದ್ರಲ್ಲ."

ನಾನು ಅಂದಿರಲಿಲ್ಲ. ನಾನು ಕೂಗಿದ್ದು ಸೆಕೆಂಡ್ ಅಂತ. ಅದು ನನಗೆ ಚೆನ್ನಾಗಿ ನೆನಪಿತ್ತು. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ.

ಒಬ್ಬ ಹುಡುಗಿಯ ತಂದೆ ಫೋನ್‌ನಲ್ಲಿ ವಿಡಿಯೋ ತೆಗೆದಿದ್ದರು. ರಾತ್ರಿ ಅದನ್ನು ತರಿಸಿಕೊಂಡು ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಬ್ಯಾಟ್‌ಗೆ ತಾಗಿದ ಬಾಲ್ ಶಾರ್ಟ್‌ಸ್ಟಾಪ್ ಗ್ಲೌಸ್ ಸೇರಲು ಸುಮಾರು ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಮೂರು ದನಿ. ನನ್ನ ಸಹಾಯಕ ಕೋಚ್ "ಹೋಮ್! ಹೋಮ್!" ಅಂತಾರೆ. ಪ್ರೇಕ್ಷಕರ ಕಡೆಯಿಂದ ಯಾರೋ "ಫಸ್ಟ್ ಫಸ್ಟ್ ಫಸ್ಟ್" ಅಂತಾರೆ. ನಾನು "ಸೆಕೆಂಡ್!" ಅಂತೀನಿ. ನನ್ನ ದನಿ ಕೇಳಿಸುವಾಗ ಬಾಲ್ ಆಗಲೇ ಅವಳ ಬಲಗೈಗೆ ಬಂದು, ಕಾಲು ಹೋಮ್ ಕಡೆ ತಿರುಗಿದೆ. ಸರಿ ಉತ್ತರ ಹೇಳಿದ್ದು ನಾನೊಬ್ಬನೇ, ಆದರೆ ಎಲ್ಲರಿಗಿಂತ ತಡವಾಗಿ. ಮೈದಾನ ಪೂರ್ತಿ ಕಣ್ಣೆದುರೇ ಇರುವ ಒಬ್ಬಳೇ ಆಟಗಾರ್ತಿ ಕ್ಯಾಚರ್. ಅವಳು ಬಾಯಿ ಬಿಟ್ಟಿರಲಿಲ್ಲ. ಅವಳೂ ನಮ್ಮ ದನಿಗೇ ಕಾಯುತ್ತಿದ್ದಳು.

ವಿಡಿಯೋ ಹಿಂದಕ್ಕೆ ಓಡಿಸಿದಾಗ ಇನ್ನೊಂದು ಸಿಕ್ಕಿತು. ನಾಲ್ಕನೇ ಇನಿಂಗ್ಸ್. 2-2 ಸಮ. ಆಗಲೂ ಥರ್ಡ್‌ನಲ್ಲಿ ರನ್ನರ್. ನಾನೇ ಇನ್‌ಫೀಲ್ಡ್ ಹುಡುಗಿಯರನ್ನು ಮುಂದೆ ಕರೆದು ನಿಲ್ಲಿಸಿ "ಹೋಮ್!" ಅಂತ ಕೂಗಿದ್ದೇನೆ. ಇದೇ ಶಾರ್ಟ್‌ಸ್ಟಾಪ್ ಹೋಮ್‌ಗೆ ಎಸೆದು ಔಟ್ ತೆಗೆದಿದ್ದಾಳೆ. ನಾನು ಚಪ್ಪಾಳೆ ತಟ್ಟಿದ್ದೇನೆ. ಈಗ ಅವಳ ತಲೆಯಲ್ಲಿ ಏನು ಕೂತಿರಬಹುದು ಹೇಳಿ? ಥರ್ಡ್‌ನಲ್ಲಿ ರನ್ನರ್ ಇದ್ದರೆ ಹೋಮ್. ಅಷ್ಟೇ. ಸ್ಕೋರ್ ಎಷ್ಟು, ಇನ್‌ಫೀಲ್ಡ್ ಎಲ್ಲಿ ನಿಂತಿದೆ, ಯಾಕೆ ಮುಂದೆ ನಿಲ್ಲಿಸಿದೆ, ಇದ್ಯಾವುದನ್ನೂ ನಾನು ಹೇಳಿರಲಿಲ್ಲ. ಉತ್ತರ ಕೊಟ್ಟಿದ್ದೆ, ಕಾರಣ ಕೊಟ್ಟಿರಲಿಲ್ಲ. ನಾನು ಕಲಿಸಿದ್ದನ್ನೇ ಅವಳು ಮಾಡಿದ್ದಳು.

ಮಾರನೇ ದಿನ ಬಾಲ್ ಕೊಡಲಿಲ್ಲ. ಆ ಬಾಲ್ ಆಡಿದ ಒಂಬತ್ತು ಜನರಿಗೂ ಒಂದೊಂದು ಚೀಟಿ ಕೊಟ್ಟು ನಾಲ್ಕು ಪ್ರಶ್ನೆ ಕೇಳಿದೆ. ಆಗ ಸ್ಕೋರ್ ಎಷ್ಟಿತ್ತು? ಎಷ್ಟು ಔಟ್ ಆಗಿತ್ತು? ರನ್ನರ್‌ಗಳು ಎಲ್ಲಿದ್ದರು? ನೀನು ಆ ಬಾಲ್‌ನಲ್ಲಿ ಏನು ಮಾಡಬೇಕಿತ್ತು? ರನ್ನರ್‌ಗಳು ಎಲ್ಲಿದ್ದರು ಅಂತ ಎಲ್ಲರೂ ಬರೆದಿದ್ದರು, ಅದು ಕಣ್ಣಿಗೆ ಕಾಣುತ್ತದೆ. ಔಟ್ ಲೆಕ್ಕ ಹೆಚ್ಚಿನವರಿಗೆ ಗೊತ್ತಿತ್ತು. "ಗೆಲ್ತಾ ಇದ್ವಿ" ಅಂತ ಗೊತ್ತಿತ್ತು, ಎಷ್ಟರಿಂದ ಅನ್ನುವುದು ಮೂರು ಜನರಿಗೆ ಮಾತ್ರ. ಕೊನೆಯ ಪ್ರಶ್ನೆಗೆ, ಥರ್ಡ್ ಬೇಸ್ ಆಚೆ ದೂರದಲ್ಲಿ ನಿಲ್ಲುವ ಲೆಫ್ಟ್ ಫೀಲ್ಡರ್ ಬರೆದಿದ್ದಳು: "ಏನಿಲ್ಲ ಸರ್, ಬಾಲ್ ನನ್ನ ಕಡೆ ಬರಲಿಲ್ಲ."

ಆ ಸಾಲು ನನಗೆ ಶಾರ್ಟ್‌ಸ್ಟಾಪ್ ಮಾತಿಗಿಂತ ಜಾಸ್ತಿ ನಾಟಿತು. ಯಾಕೆಂದರೆ ಎರಡನೇ ರನ್ ಬಂದದ್ದೇ ಬಾಲ್ ಲೆಫ್ಟ್ ಫೀಲ್ಡ್‌ಗೆ ಹೋದದ್ದರಿಂದ. ಬಾಲ್ ಹೋಮ್ ಕಡೆ ಹೋದ ಕೂಡಲೇ ಅವಳು ಥರ್ಡ್ ಬೇಸ್ ಹಿಂದಕ್ಕೆ ಓಡಿ ಬಂದಿದ್ದರೆ ಕ್ಯಾಚರ್ ಎಸೆತ ಅವಳ ಗ್ಲೌಸ್‌ಗೇ ಬರುತ್ತಿತ್ತು. ಸಾಫ್ಟ್‌ಬಾಲ್‌ನಲ್ಲಿ ಸುಮ್ನೆ ನಿಲ್ಲುವ ಕೆಲಸ ಯಾರಿಗೂ ಇಲ್ಲ. ಬಾಲ್‌ಗೆ ಹೋಗು, ಇಲ್ಲ ಬೇಸ್‌ಗೆ ಹೋಗು, ಎರಡೂ ಅಲ್ಲದಿದ್ದರೆ ಬ್ಯಾಕಪ್‌ಗೆ ಹೋಗು. ಇನ್‌ಫೀಲ್ಡ್‌ಗೆ ಹೋದ ನೆಲದ ಬಾಲ್‌ನಲ್ಲಿ ರೈಟ್ ಫೀಲ್ಡರ್ ಫಸ್ಟ್ ಬೇಸ್ ಹಿಂದಕ್ಕೆ ಓಡಬೇಕು. ಹತ್ತರಲ್ಲಿ ಒಂಬತ್ತು ಸಲ ಆ ಓಟ ದಂಡ, ಅದು ಮಕ್ಕಳಿಗೂ ಗೊತ್ತು. ಅದಕ್ಕೇ ಓಡಲ್ಲ.

ಇಲ್ಲಿಂದ ಏನು ಬದಲಾಯಿಸಿದೆ ಅಂತ ಹೇಳುತ್ತೇನೆ. ಎಲ್ಲವೂ ಸರಿಹೋಗಲಿಲ್ಲ.

ಮೊದಲನೆಯದು ನಮ್ಮ ಬಾಯಿಗೆ ಬೀಗ. ಪಿಚರ್ ಬಾಲ್ ಹಿಡಿದು ಪಿಚ್ ಮಾಡಲು ನಿಂತ ಮೇಲೆ ದೊಡ್ಡವರು ಯಾರೂ ಏನೂ ಹೇಳಬಾರದು. ನಾನೂ ಸೇರಿ. ಹೇಳುವುದೇನಿದ್ದರೂ ಎರಡು ಪಿಚ್ ನಡುವೆ, ಅದೂ ಪ್ರಶ್ನೆಯಾಗಿ. ಬಾಲ್ ಆಟದಲ್ಲಿದ್ದಾಗ ಕೂಗುವ ಹಕ್ಕು ಕ್ಯಾಚರ್‌ಗೆ. ಪ್ರತಿ ಬ್ಯಾಟರ್ ಬರುವ ಮುಂಚೆ ಅವಳು ಪ್ಲೇಟ್ ಮುಂದೆ ಬಂದು ಬೆರಳಲ್ಲಿ ಔಟ್ ತೋರಿಸಿ, ಸ್ಕೋರ್ ಹೇಳಿ, ಎಲ್ಲಿ ಎಸೆಯಬೇಕು ಅಂತ ಹೇಳಬೇಕು. ಪೋಷಕರಿಗೂ ಹೇಳಿದೆವು. ಒಬ್ಬರು "ಹಾಗಾದ್ರೆ ನಾವು ಬಂದು ಏನ್ ಮಾಡ್ಬೇಕು?" ಅಂದರು. ಔಟ್ ಆದ ಮೇಲೆ ಎಷ್ಟು ಬೇಕಾದರೂ ಕೂಗಿ ಅಂದೆ. ಮೊದಲ ಎರಡು ಪಂದ್ಯ ಬಹಳ ಹಿಂಸೆಯಾಯಿತು. ಕಣ್ಣೆದುರು ತಪ್ಪು ನಡೆಯುವುದು ಮೊದಲೇ ಕಾಣುತ್ತದೆ, ಬಾಯಿ ಮುಚ್ಚಿಕೊಂಡಿರಬೇಕು.

ಎರಡನೆಯದು ಪ್ರತಿ ಪಿಚ್ ಮುಂಚೆ ಮನಸ್ಸಲ್ಲೇ ಕೇಳಿಕೊಳ್ಳುವ ಎರಡು ಪ್ರಶ್ನೆ. ಬಾಲ್ ನನ್ನ ಹತ್ರ ಬಂದರೆ ಏನು ಮಾಡಲಿ? ಬರದಿದ್ದರೆ ಎಲ್ಲಿಗೆ ಓಡಲಿ? ಮೊದಲಿಗೆ ಆರು ಪ್ರಶ್ನೆ ಮಾಡಿದ್ದೆ. ಸ್ಕೋರ್, ಔಟ್, ರನ್ನರ್ ವೇಗ, ಬ್ಯಾಟರ್ ಯಾರು, ಫೋರ್ಸ್ ಎಲ್ಲಿ, ಕೌಂಟ್ (ಬ್ಯಾಟರ್‌ನ ಬಾಲ್, ಸ್ಟ್ರೈಕ್ ಲೆಕ್ಕ) ಎಷ್ಟು. ಕಾಗದದ ಮೇಲೆ ಚೆನ್ನಾಗಿತ್ತು. ಮೈದಾನದಲ್ಲಿ ಥರ್ಡ್ ಬೇಸ್ ಹುಡುಗಿ ಬಾಲ್ ಹಿಡಿದು, ಸೆಕೆಂಡ್ ನೋಡಿ, ಫಸ್ಟ್ ನೋಡಿ, ಮತ್ತೆ ಸೆಕೆಂಡ್ ನೋಡಿ, ಯಾರಿಗೂ ಎಸೆಯದೆ ನಿಂತಳು. ಎಲ್ಲರೂ ಸೇಫ್. ಬಾಲ್ ಬರುತ್ತಿರುವಾಗ ಅವಳು ಯೋಚನೆ ಶುರು ಮಾಡಿದ್ದಳು. ಆಮೇಲೆ ಎರಡಕ್ಕೆ ಇಳಿಸಿದೆ. ಜೊತೆಗೆ ಒಂದು ಆಧಾರ ಕೊಟ್ಟೆ: ಗೊತ್ತಾಗದಿದ್ದರೆ ಫಸ್ಟ್‌ಗೆ ಎಸೆ. ಖಚಿತವಾದ ಒಂದು ಔಟ್‌ಗೆ ನಾನು ಯಾವತ್ತೂ ಬೈಯಲ್ಲ. ಇದೊಂದು ಮಾತಿನಿಂದ ಅವಳ ಭುಜ ಇಳಿದದ್ದು ಕಣ್ಣಿಗೆ ಕಂಡಿತು.

ಮೂರನೆಯದು ಪ್ರಾಕ್ಟೀಸ್ ರೀತಿ. ನಾವು ವರ್ಷಗಟ್ಟಲೆ ಮಾಡಿದ್ದು ಒಂದೇ. ನಾನು ಬಾಲ್ ಹೊಡೆಯುವುದು, ಅವರು ಹಿಡಿದು ಫಸ್ಟ್‌ಗೆ ಎಸೆಯುವುದು, ಮುಂದಿನವಳು. ಐವತ್ತು ಬಾಲ್ ಹಿಡಿದರೂ ಒಂದು ನಿರ್ಧಾರ ಇಲ್ಲ. ಈಗ ಒಂದು ಟೋಪಿಯಲ್ಲಿ ಚೀಟಿ ಹಾಕಿದೆವು. ಸ್ಕೋರ್ ಚೀಟಿ, ಔಟ್ ಚೀಟಿ, ರನ್ನರ್ ಚೀಟಿ. ಒಬ್ಬ ಹುಡುಗಿ ಎತ್ತಿ ಓದುತ್ತಾಳೆ: "ಒಂದು ರನ್ ಹಿಂದೆ, ಔಟ್ ಇಲ್ಲ, ಸೆಕೆಂಡ್‌ನಲ್ಲಿ ರನ್ನರ್." ನಿಜವಾದ ರನ್ನರ್ ನಿಲ್ಲುತ್ತಾಳೆ. ನಾನು ಬಾಲ್ ಹೊಡೆಯುತ್ತೇನೆ. ಎಲ್ಲಿಗೆ ಹೊಡೆಯುತ್ತೇನೆ ಅಂತ ಯಾರಿಗೂ ಗೊತ್ತಿಲ್ಲ.

ಇದರಲ್ಲೂ ತಪ್ಪು ಮಾಡಿದೆ. ತಪ್ಪು ಕಂಡ ಕೂಡಲೇ "ನಿಲ್ಲಿ!" ಅಂತ ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡುತ್ತಿದ್ದೆ. ಕೂಗುವ ಚಟ ಬೇರೆ ವೇಷದಲ್ಲಿ ವಾಪಸ್ ಬಂದಿತ್ತು, ಅಲ್ವಾ? ಮಕ್ಕಳು ಬೇಜಾರಾದರು. ಆಮೇಲೆ ಆಟ ಪೂರ್ತಿ ಮುಗಿಯಲು ಬಿಟ್ಟೆ. ಮುಗಿದ ಮೇಲೆ ಒಂದೇ ಪ್ರಶ್ನೆ: "ನಿನಗೆ ಏನು ಕಾಣಿಸಿತು?" ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಮಗು ಕಟಕಟೆಯಲ್ಲಿ ನಿಂತ ಹಾಗೆ ಆಗುತ್ತದೆ. ಏನು ಕಾಣಿಸಿತು ಅಂದರೆ ನಿಜ ಹೊರಗೆ ಬರುತ್ತದೆ. "ಸರ್, ನಾನು ರನ್ನರನ್ನ ನೋಡಲೇ ಇಲ್ಲ" ಅನ್ನುವ ಉತ್ತರ ಎಷ್ಟು ಸಲ ಬಂತೋ.

ಈ ಆಟದಲ್ಲಿ ನನಗೆ ಗೊತ್ತಿಲ್ಲದೆ ಒಂದು ಒಳ್ಳೆಯ ಸಂಗತಿ ನಡೆಯಿತು. ಒಂದು ದಿನ ಶಾರ್ಟ್‌ಸ್ಟಾಪ್‌ಗೆ ರನ್ನರ್ ಸರದಿ. ಎತ್ತಿದ ಚೀಟಿಯಲ್ಲಿ ಅವಳ ಕಡೆ ಎರಡು ರನ್ ಹಿಂದೆ, ಕೊನೆಯ ಇನಿಂಗ್ಸ್, ಅವಳು ಥರ್ಡ್‌ನಲ್ಲಿ, ಗೆಳತಿ ಫಸ್ಟ್‌ನಲ್ಲಿ. ನೆಲದ ಬಾಲ್ ಬಂತು, ಅವಳು ಹೋಮ್‌ಗೆ ಓಡಿದಳು. ಸೇಫ್. ಯಾರೂ ಅವಳ ಕಡೆ ಎಸೆಯಲೂ ಇಲ್ಲ. ಸೆಕೆಂಡ್‌ನಲ್ಲಿ ಗೆಳತಿ ಔಟ್. ಅವಳು ಪ್ಲೇಟ್ ಮೇಲೆ ನಿಂತು ಹೇಳಿದಳು: "ನಾನು ಬಂದ್ರೂ ಏನೂ ಆಗಲ್ಲ ಸರ್. ಅವಳು ಬರ್ಬೇಕಿತ್ತು." ಆ ಪಂದ್ಯದ ಲೆಕ್ಕವನ್ನು ನಾನು ಬೋರ್ಡ್ ಮೇಲೆ ಬರೆದು ಎರಡು ಸಲ ವಿವರಿಸಿದ್ದೆ. ತಲೆಯಾಡಿಸಿದ್ದಳು ಅಷ್ಟೇ. ಎದುರು ಕಡೆಯ ಬೂಟಿನಲ್ಲಿ ಓಡಿದ ಮೇಲೆ ಒಂದೇ ಬಾಲ್‌ಗೆ ಅರ್ಥವಾಯಿತು. ಅಂದಿನಿಂದ ಫೀಲ್ಡಿಂಗ್ ಪಾಠಕ್ಕೆ ಅರ್ಧ ಹೊತ್ತು ಬೇಸ್ ಮೇಲೆ ಓಡಿಸುತ್ತೇನೆ.

ಸಹಾಯಕ ಕೋಚ್ ಜೊತೆ ಈ ವಿಷಯದಲ್ಲಿ ಜಗಳವೇ ಆಯಿತು. ಅವರ ವಾದ: 12 ವರ್ಷದ ಮಕ್ಕಳಿಗೆ ಯೋಚನೆ ಆಮೇಲೆ, ಮೊದಲು ನೆಟ್ಟಗೆ ಎಸೆಯಲು ಬರಲಿ. ಎಲ್ಲಿ ಎಸೆಯಬೇಕು ಅಂತ ನಾವು ಹೇಳೋಣ. ಈ ವಾದದಲ್ಲಿ ಅರ್ಧ ಸತ್ಯ ಇದೆ. ಹೋಮ್‌ನಿಂದ ಸೆಕೆಂಡ್‌ಗೆ 84 ಅಡಿ 10 ಇಂಚು. ಅಷ್ಟು ದೂರ ಎಸೆಯಲಾರದ ಕ್ಯಾಚರ್‌ಗೆ, ರನ್ನರ್ ಸೆಕೆಂಡ್ ಕದಿಯುವಾಗ (ಹೊಡೆತ ಇಲ್ಲದೆಯೇ ಅಲ್ಲಿಗೆ ಓಡುವಾಗ) ಏನು ಮಾಡಲಿ ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ಅದರಿಂದ ನಾನು ತೆಗೆದುಕೊಂಡ ಪಾಠ ಬೇರೆ. ತನ್ನ ಕೈಗೆ ಎಷ್ಟಾಗುತ್ತದೆ ಅನ್ನುವುದೂ ಆಟದ ಅರಿವಿನ ಒಂದು ಭಾಗ. ಒಂದೇ ಬಾಲ್, ಒಂದೇ ಜಾಗ, ಆದರೆ ಗಟ್ಟಿ ಕೈ ಇರುವವಳಿಗೆ ಒಂದು ಉತ್ತರ, ಇಲ್ಲದವಳಿಗೆ ಇನ್ನೊಂದು. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಕೂಗುವುದು ಲೆಕ್ಕದಲ್ಲೇ ತಪ್ಪು. ಅವರು ಪೂರ್ತಿ ಒಪ್ಪಲಿಲ್ಲ. ಬಾಯಿ ಮಾತ್ರ ಮುಚ್ಚಿದರು, ಅದಕ್ಕೆ ಋಣಿ.

ನಿಯಮ ಗೊತ್ತಿಲ್ಲದೆ ಅರಿವು ಬರುವುದಿಲ್ಲ ಅನ್ನುವುದೂ ಈ ತಿಂಗಳುಗಳಲ್ಲಿ ಮನದಟ್ಟಾಯಿತು. ಎರಡು ಔಟ್ ಆದಾಗಲೂ ನಮ್ಮವರು ಥರ್ಡ್ ರನ್ನರ್ ಕಡೆ ಕಣ್ಣು ಹಾಯಿಸುತ್ತಿದ್ದರು. ಮೂರನೇ ಔಟ್ ಫಸ್ಟ್ ಬೇಸ್‌ನಲ್ಲಿ ಅಥವಾ ಫೋರ್ಸ್‌ನಲ್ಲಿ ಆದರೆ, ಅದಕ್ಕೆ ಮುಂಚೆ ಯಾರು ಪ್ಲೇಟ್ ಮುಟ್ಟಿದ್ದರೂ ಆ ರನ್ ಲೆಕ್ಕಕ್ಕಿಲ್ಲ. ಇದು ತಿಳಿದ ದಿನ ಒಬ್ಬಳು "ಮತ್ತೆ ಇಷ್ಟು ದಿನ ಯಾಕೆ ಹೆದರ್ತಿದ್ವಿ?" ಅಂದಳು. ಇನ್ನೊಂದು ಪಂದ್ಯದಲ್ಲಿ ಎರಡು ಔಟ್, ಮೂರೂ ಬೇಸ್ ಭರ್ತಿ, ಬ್ಯಾಟರ್ ಔಟ್ ಆಗಬೇಕಿದ್ದ ಮೂರನೇ ಸ್ಟ್ರೈಕ್‌ನ ಬಾಲ್ ಕ್ಯಾಚರ್ ಕೈಯಿಂದ ಜಾರಿತು. ಹಾಗೆ ಜಾರಿದಾಗ ಎರಡು ಔಟ್ ಇದ್ದರೆ ಬ್ಯಾಟರ್ ಫಸ್ಟ್‌ಗೆ ಓಡಬಹುದು. ಅವಳು ಓಡಿದರೆ ಎಲ್ಲರೂ ಓಡಲೇಬೇಕು. ಅಂದರೆ ಹೋಮ್‌ನಲ್ಲೂ ಫೋರ್ಸ್. ಬಾಲ್ ಎತ್ತಿಕೊಂಡು ಪಕ್ಕದಲ್ಲೇ ಇರುವ ಪ್ಲೇಟ್ ತುಳಿದರೆ ಮುಗಿಯಿತು. ನಮ್ಮ ಕ್ಯಾಚರ್ ಫಸ್ಟ್‌ಗೆ ಎಸೆದಳು, ಬಾಲ್ ಓಡುತ್ತಿದ್ದವಳ ಬೆನ್ನಿಗೆ ಬಿತ್ತು. ನಿಯಮ ಪುಸ್ತಕವನ್ನು ಮಕ್ಕಳಿಗೆ ಓದಿಸಲು ಆಗಲ್ಲ. ಇಂಥ ಒಂದೊಂದನ್ನು ಪ್ರಾಕ್ಟೀಸ್‌ನಲ್ಲಿ ಆಡಿಸಬಹುದು.

ಅದೇ ಕ್ಯಾಚರ್‌ಗೆ ಕಲಿಸಬೇಕಾದ ದೊಡ್ಡ ವಿಷಯ ಎಸೆಯದೇ ಇರುವುದು. ಆ ಸೋತ ಪಂದ್ಯದಲ್ಲಿ ಮೊದಲ ರನ್ ಬಂದಾಗಲೂ ನಾವು ಮುಂದಿದ್ದೆವು. ಬಾಲ್ ಕೈಯಲ್ಲಿತ್ತು. ಅವಳು ಅದನ್ನು ಹಿಡಿದುಕೊಂಡು ಪಿಚರ್ ಕಡೆ ನಡೆದಿದ್ದರೆ ಸಾಕಿತ್ತು. ಪಿಚರ್ ಸುತ್ತ 8 ಅಡಿ ತ್ರಿಜ್ಯದ ಸರ್ಕಲ್ ಇರುತ್ತದೆ. ಬ್ಯಾಟರ್ ಫಸ್ಟ್ ತಲುಪಿದ ಮೇಲೆ, ಪಿಚರ್ ಆ ಸರ್ಕಲ್ ಒಳಗೆ ಬಾಲ್ ಹಿಡಿದು ಸುಮ್ಮನೆ ನಿಂತರೆ ನಡುವೆ ಇರುವ ರನ್ನರ್‌ಗಳು ತಕ್ಷಣ ಮುಂದಕ್ಕೋ ಹಿಂದಕ್ಕೋ ಹೋಗಲೇಬೇಕು. ಬೇಸ್ ಮೇಲೆ ಇರುವವರು ಬಿಟ್ಟರೆ ಔಟ್. ಗದ್ದಲ ಅಲ್ಲಿಗೇ ನಿಲ್ಲುತ್ತದೆ. ಗಾಬರಿಯಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಆಸರೆ ಈ ಆಟದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಷ್ಟೋ ಕೋಚ್‌ಗಳು ಇದನ್ನು ಬರೀ ರನ್ನರ್‌ಗಳ ನಿಯಮವಾಗಿ ಹೇಳಿ ಬಿಟ್ಟುಬಿಡುತ್ತಾರೆ.

ಮೂರು ತಿಂಗಳ ನಂತರದ ಒಂದು ಪಂದ್ಯ. ಆರನೇ ಇನಿಂಗ್ಸ್, ನಾವು ಮೂರು ರನ್ ಮುಂದೆ. ಒಂದು ಔಟ್. ಫಸ್ಟ್ ಮತ್ತು ಥರ್ಡ್‌ನಲ್ಲಿ ರನ್ನರ್. ನನ್ನ ಹೊಟ್ಟೆಯಲ್ಲಿ ಏನೋ ತಿರುಗಿದ ಹಾಗಾಯಿತು. ಕ್ಯಾಚರ್ ಪ್ಲೇಟ್ ಮುಂದೆ ಬಂದು ಒಂದು ಬೆರಳು ಎತ್ತಿ "ಒಂದ್ ಔಟ್, ಮೂರು ಮುಂದೆ, ಸೆಕೆಂಡ್!" ಅಂದಳು. ಶಾರ್ಟ್‌ಸ್ಟಾಪ್ ಎರಡು ಹೆಜ್ಜೆ ಸೆಕೆಂಡ್ ಕಡೆ ಸರಿದು ಅಲ್ಲಿಯ ಹುಡುಗಿಗೆ ಏನೋ ಹೇಳಿದಳು. ಲೆಫ್ಟ್ ಫೀಲ್ಡರ್ ಥರ್ಡ್ ಬೇಸ್ ಕಡೆ ಒಮ್ಮೆ ನೋಡಿಕೊಂಡಳು.

ಬಾಲ್ ಬಂದದ್ದು ಶಾರ್ಟ್‌ಸ್ಟಾಪ್ ಹತ್ತಿರವೇ. ಹಿಡಿದಳು, ತಡಮಾಡದೆ ಸೆಕೆಂಡ್‌ಗೆ ಎಸೆದಳು. ಸೆಕೆಂಡ್ ಬೇಸ್ ಹುಡುಗಿಯ ಗ್ಲೌಸ್‌ಗೆ ಬಡಿದು ಬಾಲ್ ಕೆಳಗೆ ಬಿತ್ತು. ಥರ್ಡ್‌ನವಳು ಬಂದಳು, ಉಳಿದವರೂ ಸೇಫ್. ಪ್ರೇಕ್ಷಕರ ಕಡೆಯಿಂದ "ಅಯ್ಯೋ" ಅಂತ ಒಂದು ದೊಡ್ಡ ಉಸಿರು. ಸೆಕೆಂಡ್ ಬೇಸ್ ಹುಡುಗಿ ಬಾಲ್ ಎತ್ತಿಕೊಂಡಳು. ಎಲ್ಲೂ ಬೀಸಲಿಲ್ಲ. ಓಡಿಹೋಗಿ ಸರ್ಕಲ್ ಒಳಗೆ ನಿಂತಿದ್ದ ಪಿಚರ್ ಕೈಗೆ ಕೊಟ್ಟಳು. ಸ್ಕೋರ್ ಪುಸ್ತಕದಲ್ಲಿ ಅದು ಎರರ್, ಅಂದರೆ ಫೀಲ್ಡಿಂಗ್ ತಪ್ಪು. ನನ್ನ ನೋಟ್ ಪುಸ್ತಕದಲ್ಲಿ ಆ ಬಾಲ್ ಮುಂದೆ ಎರಡು ಸರಿ ಗುರುತು ಹಾಕಿದೆ.

ಇನಿಂಗ್ಸ್ ಮುಗಿದು ಒಳಗೆ ಬಂದಾಗ ಶಾರ್ಟ್‌ಸ್ಟಾಪ್ ನನ್ನ ಕಡೆ ನೋಡಿದಳು. "ಏನು ಕಾಣಿಸಿತು?" ಅಂದೆ.

"ಸೆಕೆಂಡೇ ಸರಿ ಸರ್. ಆದ್ರೆ ಅಷ್ಟು ಹತ್ರದಿಂದ ಜೋರಾಗಿ ಎಸೆದುಬಿಟ್ಟೆ. ಕೈ ಕೆಳಗಿಂದ ಮೆಲ್ಲಗೆ ಕೊಡ್ಬೇಕಿತ್ತು."

ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಸೆಕೆಂಡ್ ಬೇಸ್ ಹುಡುಗಿ ಬಾಟಲಿ ಕೆಳಗಿಟ್ಟಳು. "ಇಲ್ಲ ಸರ್, ಎಸೆತ ಸರಿಯಾಗೇ ಇತ್ತು. ನಾನು ಬೇಸ್ ಎಲ್ಲಿದೆ ಅಂತ ಕಾಲು ನೋಡ್ಕೊಂಡೆ."

"ನೀನು ಮೊದಲೇ ಬಂದು ನಿಂತ್ಕೋಬೇಕು."

"ನೀನು ಬಾಲ್ ಕಾಣೋ ಹಾಗೆ ಕೊಡು."

ಇಬ್ಬರೂ ಗ್ಲೌಸ್ ಹಾಕಿಕೊಂಡು ಬೆಂಚಿನ ಹಿಂದಕ್ಕೆ ಹೋದರು. ನಮ್ಮ ಬ್ಯಾಟಿಂಗ್ ನಡೆಯುತ್ತಿರುವಷ್ಟು ಹೊತ್ತೂ 20 ಅಡಿ ದೂರ ನಿಂತು ಟಾಸ್ ಕೊಟ್ಟುಕೊಳ್ಳುತ್ತಿದ್ದರು. ಬ್ಯಾಟಿಂಗ್ ಸರದಿ ಬಂತು ಅಂತ ಶಾರ್ಟ್‌ಸ್ಟಾಪ್ ಹುಡುಗಿಯನ್ನು ಎರಡು ಸಲ ಕರೆಯಬೇಕಾಯಿತು.